ಕಮಾನು ಬದಲಾಯಿತು, ಚುಕ್ಕಾಣಿ ಕೆಟ್ಟಿತು

ರಥೋತ್ಸವದ ದಿನ ದೇವರ ತೇರನ್ನು ಎಳೆಯುವುದನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಹಗ್ಗ ಹಿಡಿದು ಎಳೆಯುವವರು ನೂರಾರು ಮಂದಿ. ಆದರೆ ತೇರು ಬೀದಿಯ ಯಾವ ಮಗ್ಗುಲಿಗೆ ಹೊರಳಬೇಕೆಂಬುದನ್ನು ನಿರ್ಧರಿಸುವವರು ಅವರಲ್ಲ. ಚಕ್ರಗಳ ಪಕ್ಕದಲ್ಲಿ ಮರದ ಬೆಣೆಗಳನ್ನು ಹಿಡಿದು ನಡೆಯುವ ಕೆಲವೇ ಮಂದಿ ಅನುಭವಸ್ಥರ ಕೈಯಲ್ಲಿ ಆ ಕೆಲಸವಿದೆ. ತೇರಿನ ಅಚ್ಚುಗಳು ಚೌಕಟ್ಟಿಗೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಅದರ ಗಾಲಿಗಳು ತಾವಾಗಿ ಪಕ್ಕಕ್ಕೆ ತಿರುಗಲಾರವು. ಒಂದು ಬದಿಯ ಗಾಲಿಯ ಮುಂದೆ ಬೆಣೆಯನ್ನು ಒಡ್ಡಿದರೆ ಆ ಬದಿ ತಡೆಯುವುದು, ಇನ್ನೊಂದು ಬದಿ ಮುಂದೆ ಸಾಗುವುದು, ತೇರು ಹೊರಳುವುದು. ಅಷ್ಟು ದೊಡ್ಡ ತೇರಿನ ಗತಿಯನ್ನು ಅಂಗೈಯಗಲದ ಮರದ ತುಂಡೊಂದು ತೀರ್ಮಾನಿಸುವುದೆಂದರೆ ಆಶ್ಚರ್ಯವೇ ಸರಿ.

ನಮ್ಮ ಹೆದ್ದಾರಿಗಳಲ್ಲಿ ಓಡುವ ಲಾರಿಯಲ್ಲಿ ತಿರುಗುವ ಗಾಲಿಗಳಿವೆ, ಚುಕ್ಕಾಣಿಯಿದೆ, ಚಾಲಕನಿದ್ದಾನೆ. ಆದರೂ ಅಲ್ಲಿಯೂ ಒಂದು ಸಣ್ಣ ಬೆಣೆ ದಾರಿ ತಪ್ಪಿಸಬಲ್ಲುದು. ಅದು ಹೇಗೆಂಬುದನ್ನು ತಿಳಿಯಲು ಓದುಗರು ಒಂದು ಲಾರಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲಿ.

ಈ ಲಾರಿಯ ಮುಂಭಾಗದ ಕಮಾನುಪಟ್ಟಿಗಳು ಹಳತಾಗಿ ಕುಗ್ಗಿದ್ದುವು. ಮಾಲೀಕನು ಅದನ್ನು ಕಾರ್ಖಾನೆಗೆ ಬಿಟ್ಟು ಹೊಸ ಪಟ್ಟಿಗಳನ್ನು ಹಾಕಿಸಿದನು. ಕಿಂಗ್‌ಪಿನ್ನುಗಳನ್ನೂ ಅವುಗಳ ಬುಷ್ಷುಗಳನ್ನೂ ಬದಲಾಯಿಸಿದರು. ‘ಹೇಗೂ ಗಾಡಿ ಬಿಚ್ಚಿದೆ’ ಎಂದು ಹಿಂಭಾಗದ ಕಟ್ಟಿಗೂ ಒಂದೊಂದು ಹೆಚ್ಚಿನ ಪಟ್ಟಿಯನ್ನು ಸೇರಿಸಿದರು. ಎಲ್ಲವೂ ಹೊಸದು, ಎಲ್ಲವೂ ಗಟ್ಟಿ. ಆದರೆ ಮರುದಿನವೇ ಚಾಲಕನು ಲಾರಿಯನ್ನು ಹಿಂದಕ್ಕೆ ತಂದು ನಿಲ್ಲಿಸಿದನು.

“ಮೇಸ್ತ್ರಿಗಳೇ, ಸ್ಟಿಯರಿಂಗು ಸೊಟ್ಟಗೆ ನಿಂತಿದೆ. ಖಾಲಿ ಗಾಡಿ ರಸ್ತೆ ತುಂಬ ಓಲಾಡುತ್ತದೆ. ಲೋಡು ಹೇರಿದರೆ ಸ್ವಲ್ಪ ವಾಸಿ. ತಿರುವು ಮುಗಿದ ಮೇಲೂ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ, ನಾನೇ ಎಳೆದು ತರಬೇಕು” ಎಂದು ಅವನ ದೂರು.

ಇಂಥ ವೇಳೆಯಲ್ಲಿ ಥಟ್ಟನೆ ಹೊಳೆಯುವ ಉಪಾಯವೆಂದರೆ ಸ್ಟಿಯರಿಂಗ್ ಪೆಟ್ಟಿಗೆಯನ್ನು ಬದಲಾಯಿಸುವುದು. ಬಹಳ ಹಣ ತೆತ್ತು ಹೊಸ ಪೆಟ್ಟಿಗೆ ಕೂರಿಸಿದ ಮೇಲೂ ಲಾರಿ ಹಾಗೆಯೇ ಓಲಾಡುವುದುಂಟು. ಏಕೆಂದರೆ ದೋಷವಿರುವುದು ಪೆಟ್ಟಿಗೆಯಲ್ಲಿ ಅಲ್ಲ, ಜ್ಯಾಮಿತಿಯಲ್ಲಿ.

ಒಂದು ಡಿಗ್ರಿಯ ಬೆಲೆ

ಈ ದೂರನ್ನು ಲಘುವಾಗಿ ಎಣಿಸಬಾರದೆಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಲಾರಿಯ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 4.2 ಮೀಟರ್ ಅಂತರವಿದೆಯೆನ್ನಿ. ಮುಂದಿನ ಗಾಲಿಗಳು ಕೇವಲ 1 ಡಿಗ್ರಿಯಷ್ಟು ತಿರುಗಿದರೆ ಲಾರಿಯು ಸುಮಾರು 240 ಮೀಟರ್ ತ್ರಿಜ್ಯದ ವೃತ್ತದಲ್ಲಿ ಚಲಿಸತೊಡಗುವುದು. ಗಂಟೆಗೆ 60 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 16.7 ಮೀಟರ್. ಟೈರುಗಳ ಜಾರುವಿಕೆಯನ್ನು ಬಿಟ್ಟು ಲೆಕ್ಕಿಸಿದರೆ, ಎರಡು ಸೆಕೆಂಡುಗಳಲ್ಲಿ ಆ ಲಾರಿ ತನ್ನ ಹಾದಿಯಿಂದ 2.3 ಮೀಟರ್ ಪಕ್ಕಕ್ಕೆ ಸರಿದಿರುವುದು. ಹೆದ್ದಾರಿಯ ಒಂದು ಪಥದ ಅಗಲ 3.5 ಮೀಟರ್, ಲಾರಿಯ ಅಗಲವೇ ಸುಮಾರು 2.5 ಮೀಟರ್. ಹೀಗಿರಲು ಚಾಲಕನು ಎರಡು ಸೆಕೆಂಡು ಬೇರೆಡೆಗೆ ನೋಡಿದರೆ ಎದುರಿನ ವಾಹನದ ಹಾದಿಯಲ್ಲಿ ಇರುತ್ತಾನೆ. ಸಕಲೇಶಪುರದಿಂದ ಮಂಗಳೂರಿನ ಕಡೆಗೆ ಶಿರಾಡಿ ಘಟ್ಟವನ್ನು ಇಳಿಯುವ ಲಾರಿಯ ಚಾಲಕನಿಗೆ ಈ ಒಂದು ಡಿಗ್ರಿ ಎಂದರೆ ಏನೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೈಯಿಂದ ನೆಲದವರೆಗೆ

ಚಾಲಕನ ಕೈಗೂ ನೆಲಕ್ಕೂ ನಡುವೆ ಒಂದು ಸರಪಣಿಯೇ ಇದೆ. ಚುಕ್ಕಾಣಿಯ ಚಕ್ರವನ್ನು ತಿರುಗಿಸಿದಾಗ ಸ್ಟಿಯರಿಂಗ್ ಪೆಟ್ಟಿಗೆಯೊಳಗಿನ ಹಲ್ಲುಗಳು ಆ ತಿರುಗುವಿಕೆಯನ್ನು ನಿಧಾನಗೊಳಿಸಿ ಬಲವನ್ನು ಹೆಚ್ಚಿಸುವುವು. ಪೆಟ್ಟಿಗೆಯಿಂದ ಕೆಳಕ್ಕೆ ತೂಗಿಬಿದ್ದಿರುವ ಡ್ರಾಪ್ ಆರ್ಮ್ ಎಂಬ ತೋಳು ಹಿಂದಕ್ಕೂ ಮುಂದಕ್ಕೂ ಆಡುವುದು. ಅದರ ತುದಿಗೆ ಗುಂಡುಕೀಲಿನ ಮೂಲಕ ಡ್ರ್ಯಾಗ್ ಲಿಂಕ್ ಎಂಬ ಉದ್ದದ ಸಲಾಕೆ ಕೂಡಿದೆ. ಈ ಸಲಾಕೆಯು ಬಲಗಡೆಯ ಗಾಲಿಯನ್ನು ತಿರುಗಿಸುವುದು. ಎಡಗಡೆಯ ಗಾಲಿಯನ್ನು ಅದರ ಜೊತೆಗೆ ತಿರುಗಿಸಲು ಅಡ್ಡಲಾಗಿ ಟೈ ರಾಡ್ ಎಂಬ ಇನ್ನೊಂದು ಸಲಾಕೆಯಿದೆ.

ಗಾಲಿಗಳಾದರೂ ನೇರವಾಗಿ ದೊಡ್ಡ ಅಚ್ಚಿನ ಮೇಲೆ ಕುಳಿತಿಲ್ಲ. ಅಚ್ಚಿನ ಎರಡು ತುದಿಗಳಲ್ಲಿ ಬಾಗಿಲಿನ ತಿರುಗಣೆಯಂತೆ ನಿಂತಿರುವ ದಪ್ಪ ಉಕ್ಕಿನ ಗೂಟಗಳೇ ಕಿಂಗ್‌ಪಿನ್ನುಗಳು. ಪ್ರತಿಯೊಂದು ಕಿಂಗ್‌ಪಿನ್ನಿನ ಸುತ್ತ ಒಂದು ಮೋಟು ಅಚ್ಚು ತಿರುಗುವುದು; ಗಾಲಿ ಇರುವುದು ಇದರ ಮೇಲೆ. ಎರಡು ಗಾಲಿಗಳಿಗೂ ಬೇರೆ ಬೇರೆ ತಿರುಗಣೆ ಇರಬೇಕೆಂಬ ಈ ಏರ್ಪಾಡು ಮೋಟಾರು ವಾಹನಗಳಿಗಿಂತ ಹಳೆಯದು. ಮ್ಯೂನಿಕ್ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದ ಗಿಯೋರ್ಗ್ ಲಾಂಕೆನ್ಸ್‌ಪೆರ್ಗರ್ ಎಂಬಾತನು 1817ರಲ್ಲಿ ಇದನ್ನು ರೂಪಿಸಿದನು. ಅವನ ಪರವಾಗಿ ಲಂಡನ್ನಿನ ರುಡಾಲ್ಫ್ ಆಕರ್ಮನ್ನನು 1818ರಲ್ಲಿ ಇಂಗ್ಲೆಂಡಿನ ಪೇಟೆಂಟನ್ನು ಪಡೆದನು. ಹೀಗಾಗಿ ಕಲ್ಪನೆ ಒಬ್ಬನದಾದರೂ ಹೆಸರು ಮಾತ್ರ ಇನ್ನೊಬ್ಬನದಾಗಿ ಉಳಿದಿದೆ. ತಿರುವಿನಲ್ಲಿ ಒಳಬದಿಯ ಗಾಲಿ ಸಣ್ಣ ವೃತ್ತದಲ್ಲಿಯೂ ಹೊರಬದಿಯದು ದೊಡ್ಡ ವೃತ್ತದಲ್ಲಿಯೂ ಸಾಗಬೇಕಷ್ಟೆ. ನಮ್ಮ ಲಾರಿಯಲ್ಲಿ ಕಿಂಗ್‌ಪಿನ್ನುಗಳ ನಡುವೆ 1.8 ಮೀಟರ್ ಅಂತರವಿದ್ದರೆ, ಒಳಗಾಲಿ 30 ಡಿಗ್ರಿ ತಿರುಗಿದಾಗ ಹೊರಗಾಲಿ ಸುಮಾರು 25 ಡಿಗ್ರಿ ಮಾತ್ರ ತಿರುಗತಕ್ಕದ್ದು. ಇದನ್ನು ಸಾಧಿಸುವುದು ಟೈ ರಾಡಿನ ತೋಳುಗಳ ಓರೆ.

ಬೈಸಿಕಲ್ಲಿನಿಂದ ಕಲಿಯುವ ಪಾಠ

ಇನ್ನು ಗಾಲಿ ತಾನಾಗಿ ನೇರಕ್ಕೆ ಬರುವ ವಿಷಯ. ಇದನ್ನು ಅರಿಯಲು ಮನೆಯಲ್ಲಿರುವ ಬೈಸಿಕಲ್ಲೇ ಸಾಕು. ಸೀಟನ್ನು ಮಾತ್ರ ಹಿಡಿದು ಬೈಸಿಕಲ್ಲನ್ನು ಮುಂದಕ್ಕೆ ತಳ್ಳಿರಿ. ಮುಂದಿನ ಗಾಲಿ ಹೆಚ್ಚುಕಡಿಮೆ ನೇರವಾಗಿಯೇ ಸಾಗುವುದು. ಈಗ ಹಿಂದಕ್ಕೆ ತಳ್ಳಿರಿ. ಹ್ಯಾಂಡಲು ತಟ್ಟನೆ ಒಂದು ಪಕ್ಕಕ್ಕೆ ಹೊರಳಿಬೀಳುವುದು. ಬೈಸಿಕಲ್ಲು ಅದೇ, ಗಾಲಿ ಅದೇ. ಚಲನೆಯ ದಿಕ್ಕು ಮಾತ್ರ ಬೇರೆ. ಕಾರಣವೇನು?

ಬೈಸಿಕಲ್ಲಿನ ಮುಂಗವೆಯ ಮೇಲ್ತುದಿ ಹಿಂದಕ್ಕೆ ವಾಲಿದೆ. ಆ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ, ಟೈರು ನೆಲವನ್ನು ಮುಟ್ಟುವ ಸ್ಥಳಕ್ಕಿಂತ ಸ್ವಲ್ಪ ಮುಂದೆ ಅದು ನೆಲವನ್ನು ಸೇರುವುದು. ಎಂದರೆ ಟೈರಿನ ಸ್ಪರ್ಶಸ್ಥಾನವು ತಿರುಗಣೆಯ ಹಿಂದೆ ಎಳೆಯಲ್ಪಡುತ್ತಿದೆ. ಹಗ್ಗ ಕಟ್ಟಿ ಎಳೆದ ವಸ್ತು ಹಗ್ಗದ ಹಿಂದೆಯೇ ಬರುವಂತೆ ಗಾಲಿಯೂ ತಿರುಗಣೆಯ ಹಿಂದೆ ನೇರವಾಗಿ ನಿಲ್ಲುವುದು. ಹಿಂದಕ್ಕೆ ತಳ್ಳಿದಾಗ ಈ ಸಂಬಂಧವು ತಲೆಕೆಳಗಾಗುವುದು.

ಲಾರಿಯ ಕಿಂಗ್‌ಪಿನ್ನಿಗೂ ಇಂಥದೇ ಹಿಂದೋರೆಯನ್ನು ಕೊಟ್ಟಿರುವರು. ಅದರ ಹೆಸರು ಕ್ಯಾಸ್ಟರ್ ಕೋನ. ಟೈರಿನ ಸ್ವಂತ ಗುಣದಿಂದಲೂ ಕಿಂಗ್‌ಪಿನ್ನಿನ ಒಳವಾಲುವಿಕೆಯಿಂದಲೂ ಗಾಲಿಗೆ ನೇರಕ್ಕೆ ಬರುವ ಒಲವು ಸ್ವಲ್ಪ ಉಂಟಾಗುವುದಾದರೂ, ಹೆದ್ದಾರಿಯಲ್ಲಿ ನೆಟ್ಟಗೆ ಓಡಲು ಈ ಕೋನದ ನೆರವು ಬಹಳ ಮುಖ್ಯ. ಕೋನವು ಚಿಕ್ಕದೇ. ನೆಲದಿಂದ ಗಾಲಿಯ ನಡುವಿಗೆ 500 ಮಿಲಿಮೀಟರ್ ಎತ್ತರವಿದ್ದು ಕ್ಯಾಸ್ಟರ್ ಕೋನ 3 ಡಿಗ್ರಿಯಾದರೆ, ತಿರುಗಣೆಯ ಗೆರೆಯು ಸ್ಪರ್ಶಸ್ಥಾನಕ್ಕಿಂತ 26 ಮಿಲಿಮೀಟರ್ ಮುಂದೆ ನೆಲವನ್ನು ಸೇರುವುದು. ಕೋನವು 1 ಡಿಗ್ರಿಗೆ ಇಳಿದರೆ ಈ ದೂರವು 9 ಮಿಲಿಮೀಟರ್ ಮಾತ್ರ. ಶೂನ್ಯಕ್ಕೆ ಇಳಿದರೆ ಗಾಲಿಗೆ ‘ನೇರ’ ಎಂಬುದೇ ಮರೆತಂತಾಗುವುದು. ಇನ್ನೂ ಇಳಿದರೆ ಹಿಂದಕ್ಕೆ ತಳ್ಳಿದ ಬೈಸಿಕಲ್ಲಿನ ಸ್ವಭಾವವು ಬರತೊಡಗುವುದು. ಹಾಗೆಂದು ಕೋನ ಅತಿಯಾದರೂ ಕ್ಷೇಮವಲ್ಲ. ಆಗ ಚುಕ್ಕಾಣಿ ಭಾರವಾಗುವುದು. ಕೀಲುಗಳಲ್ಲಿ ಸಡಿಲವಿದ್ದರೆ ಗಾಲಿಗಳು ಅತ್ತಿತ್ತ ಬಡಿದಾಡುವ ನಡುಕವೂ ಹುಟ್ಟಬಹುದು.

ಕಮಾನಿನ ಎರಡನೆಯ ಕೆಲಸ

ಕಮಾನುಪಟ್ಟಿಗಳಿರುವುದು ಕುಲುಕಾಟವನ್ನು ತಡೆಯುವುದಕ್ಕೆಂದು ಸಾಮಾನ್ಯವಾಗಿ ಎಣಿಸುತ್ತೇವೆ. ಲಾರಿಯಲ್ಲಿ ಅವುಗಳಿಗೆ ಇನ್ನೊಂದು ಕೆಲಸವೂ ಇದೆ: ಅಚ್ಚನ್ನು ಅದರ ಸ್ಥಾನದಲ್ಲಿ, ಅದರ ಓರೆಯಲ್ಲಿ, ಹಿಡಿದು ನಿಲ್ಲಿಸುವುದು. ಅನೇಕ ಲಾರಿಗಳಲ್ಲಿ ಮುಂದಿನ ಪಟ್ಟಿಯ ಮುಂತುದಿಯನ್ನು ಚೌಕಟ್ಟಿಗೆ ಪಿನ್ನಿನಿಂದ ಕೂಡಿಸಿರುವರು. ಹಿಂತುದಿಯು ಶ್ಯಾಕಲ್ ಎಂಬ ತೂಗುಕೊಂಡಿಯಲ್ಲಿ ಆಡುತ್ತಿರುವುದು. ಪಟ್ಟಿ ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುವುದರಿಂದ ಈ ಆಟ ಬೇಕೇ ಬೇಕು. ಪಟ್ಟಿಗಳ ಕಟ್ಟನ್ನು ಅಚ್ಚಿನ ಮೇಲಿಟ್ಟು ಯು ಬೋಲ್ಟುಗಳಿಂದ ಬಿಗಿದಿರುವರು. ಆದುದರಿಂದ ಪಟ್ಟಿ ಎಷ್ಟು ಓರೆಯಾಗುವುದೋ ಅಚ್ಚೂ, ಅದರೊಡನೆ ಕಿಂಗ್‌ಪಿನ್ನೂ, ಅಷ್ಟೇ ಓರೆಯಾಗುವುವು.

ಪಟ್ಟಿಯ ಎರಡು ಕಣ್ಣುಗಳ ನಡುವೆ 1400 ಮಿಲಿಮೀಟರ್ ದೂರವಿದ್ದು, ಹಿಂದಿನ ಕಣ್ಣು ಮಾತ್ರ 25 ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಸರಿದರೆ, ಕ್ಯಾಸ್ಟರ್ ಕೋನ ಸುಮಾರು 1 ಡಿಗ್ರಿ ಬದಲಾಗುವುದು. ಬೇರೆ ಅಳತೆಯ ಶ್ಯಾಕಲನ್ನು ಹಾಕಿದರೆ ಇಷ್ಟು ವ್ಯತ್ಯಾಸ ಬರುವುದು ಕಷ್ಟವಲ್ಲ.

ಹಿಂಭಾಗದ ಪಟ್ಟಿಗಳೂ ಮುಂದಿನ ಗಾಲಿಗಳ ಮೇಲೆ ಪ್ರಭಾವ ಬೀರುವುದೆಂಬುದು ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರಬಹುದು. ಲಾರಿಯ ಹಿಂಭಾಗ ಮೇಲೆದ್ದರೆ ಇಡೀ ಚೌಕಟ್ಟು ಮೂಗಿನ ಕಡೆಗೆ ಬಾಗುವುದು. ಅದರೊಡನೆ ಕಿಂಗ್‌ಪಿನ್ನಿನ ತಲೆಯೂ ಮುಂದಕ್ಕೆ ಬಾಗುವುದು. 4.2 ಮೀಟರ್ ಅಂತರದ ಲಾರಿಯಲ್ಲಿ ಹಿಂಭಾಗವು 73 ಮಿಲಿಮೀಟರ್ ಏರಿದರೆ ಕ್ಯಾಸ್ಟರ್ 1 ಡಿಗ್ರಿ ಕಡಿಮೆಯಾಗುವುದು; ಹೇರಿನಿಂದ ಅಷ್ಟೇ ತಗ್ಗಿದರೆ 1 ಡಿಗ್ರಿ ಹೆಚ್ಚುವುದು. ನಮ್ಮ ಚಾಲಕನು ‘ಲೋಡು ಹೇರಿದರೆ ಸ್ವಲ್ಪ ವಾಸಿ’ ಎಂದುದನ್ನು ಓದುಗರು ಇಲ್ಲಿ ನೆನೆಯಬೇಕು. ಅದು ಬರಿಯ ಗೊಣಗಾಟವಲ್ಲ, ಬೆಲೆಯುಳ್ಳ ಸಾಕ್ಷ್ಯ.

ಎರಡು ಕಂಸಗಳ ಕಲಹ

ಗಾಲಿ ಹಳ್ಳಕ್ಕೆ ಇಳಿದು ಏರುವಾಗ ಅಚ್ಚು ಪಟ್ಟಿಯ ಮುಂಗಣ್ಣನ್ನು ಕೇಂದ್ರವಾಗಿಟ್ಟುಕೊಂಡು ಒಂದು ಕಂಸದಲ್ಲಿ ಚಲಿಸುವುದು. ಡ್ರ್ಯಾಗ್ ಲಿಂಕಿನ ಹಿಂತುದಿಯಾದರೋ ಡ್ರಾಪ್ ಆರ್ಮಿನ ಗುಂಡುಕೀಲನ್ನು ಕೇಂದ್ರವಾಗಿಟ್ಟುಕೊಂಡು ಬೇರೊಂದು ಕಂಸದಲ್ಲಿ ಚಲಿಸುವುದು. ವಿನ್ಯಾಸಕಾರರು ಈ ಎರಡು ಕಂಸಗಳೂ ಆದಷ್ಟು ಒಂದಾಗುವಂತೆ ಕೇಂದ್ರಗಳ ಸ್ಥಾನವನ್ನು ಆರಿಸಿರುವರು. ಹೆಚ್ಚು ಬಾಗಿನ ಪಟ್ಟಿಗಳನ್ನು ಹಾಕಿ ಚೌಕಟ್ಟನ್ನು ಮೇಲೆತ್ತಿದರೆ ಡ್ರಾಪ್ ಆರ್ಮೂ ಮೇಲೇರಿ ಸಲಾಕೆಯು ಹೆಚ್ಚು ಓರೆಯಾಗುವುದು, ಕಂಸಗಳು ಬೇರ್ಪಡುವುವು.

ಇದನ್ನು ಪೈಥಾಗೊರಸನ ಪ್ರಮೇಯದಿಂದಲೇ ನೋಡಬಹುದು. 900 ಮಿಲಿಮೀಟರ್ ಉದ್ದದ ಸಲಾಕೆ ನೆಲಕ್ಕೆ ಸಮಾಂತರವಾಗಿದ್ದಾಗ ಅದರ ಒಂದು ತುದಿ 60 ಮಿಲಿಮೀಟರ್ ಇಳಿದರೆ, ಮುಂದು ಹಿಂದಿನ ದಿಕ್ಕಿನಲ್ಲಿ ಅದರ ಅಳತೆ 898 ಆಗುವುದು; ವ್ಯತ್ಯಾಸ 2 ಮಿಲಿಮೀಟರ್. ಆದರೆ ಸಲಾಕೆಯು ಮೊದಲೇ 60 ಮಿಲಿಮೀಟರ್ ಓರೆಯಾಗಿದ್ದು ಇನ್ನೂ 60 ಇಳಿದರೆ, ಅಳತೆ 898ರಿಂದ 892ಕ್ಕೆ ಇಳಿಯುವುದು. ವ್ಯತ್ಯಾಸ 6 ಮಿಲಿಮೀಟರ್. ಹಳ್ಳ ಅದೇ ಆದರೂ ಎಳೆತ ಮೂರರಷ್ಟು! ಗಾಲಿಯನ್ನು ತಿರುಗಿಸುವ ತೋಳು 200 ಮಿಲಿಮೀಟರ್ ಉದ್ದವಿದ್ದರೆ ಈ 6 ಮಿಲಿಮೀಟರಿನಿಂದ ಗಾಲಿ ಸುಮಾರು 1.7 ಡಿಗ್ರಿ ತಿರುಗಬಲ್ಲುದು. ಅಚ್ಚೂ ತನ್ನ ಕಂಸದಲ್ಲಿ ಸರಿಯುವುದರಿಂದ ಇದರಲ್ಲಿ ಒಂದು ಭಾಗ ಕಳೆದುಹೋಗುವುದು ನಿಜ; ಉಳಿದ ಭಾಗವೇ ಪ್ರತಿ ಹಳ್ಳದಲ್ಲಿಯೂ ಚಾಲಕನ ಕೈಗೆ ಬೀಳುವ ಏಟು. ಚಾಲಕನು ಚಕ್ರವನ್ನು ಅಲುಗಾಡಿಸದಿದ್ದರೂ ಲಾರಿ ತಾನೇ ತಿರುಗುವುದು.

ದೋಷವನ್ನು ಹುಡುಕುವ ಕ್ರಮ

ಈಗ ಕಾರ್ಖಾನೆಗೆ ಬರೋಣ. ವೈದ್ಯನು ರೋಗಿಯ ಮಾತನ್ನು ಕೇಳುವಂತೆ ಮೇಸ್ತ್ರಿಯು ಮೊದಲು ಚಾಲಕನ ಮಾತನ್ನು ಕೇಳಬೇಕು. ತೊಂದರೆ ಯಾವಾಗ ಆರಂಭವಾಯಿತು? ಖಾಲಿಯಾಗಿದ್ದಾಗಲೋ, ಹೇರಿದ್ದಾಗಲೋ? ಬ್ರೇಕು ಒತ್ತಿದಾಗ ಮಾತ್ರವೋ, ಯಾವಾಗಲೂ ಉಂಟೋ? ಹಳ್ಳದಲ್ಲಿಯೋ, ಸಮರಸ್ತೆಯಲ್ಲಿಯೋ? ರಿಪೇರಿಗೆ ಮುಂಚೆ ಇಲ್ಲದ ತೊಂದರೆ ರಿಪೇರಿಯ ಮರುದಿನ ಕಂಡರೆ, ಕೊನೆಯಲ್ಲಿ ಮುಟ್ಟಿದ ಭಾಗಗಳೇ ಮೊದಲ ಸಂಶಯಕ್ಕೆ ಪಾತ್ರ. ಬಳಿಕ ಅಗ್ಗವಾದ, ಸುಲಭವಾದ ಪರೀಕ್ಷೆಗಳನ್ನು ಮೊದಲು ಮಾಡಿ, ಕಷ್ಟವಾದುವನ್ನು ಆಮೇಲೆ ಮಾಡತಕ್ಕದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿಯೊಂದು ಅಳತೆಯೂ ಕಾಗದದ ಮೇಲೆ.

ಮೊದಲನೆಯದು ಟೈರು. ಎರಡು ಬದಿಯ ಗಾಳಿಯ ಒತ್ತಡವೂ ಒಂದೇ ಆಗಿದೆಯೆ, ಟೈರುಗಳು ಒಂದೇ ಅಳತೆಯವೆ, ಒಂದೇ ರೀತಿ ಸವೆದಿವೆಯೆ ಎಂಬುದನ್ನು ನೋಡಬೇಕು. ಎಷ್ಟೋ ವೇಳೆ ಲಾರಿ ಒಂದು ಪಕ್ಕಕ್ಕೆ ಎಳೆಯುವುದಕ್ಕೆ ಕಾರಣ ಇಷ್ಟೇ.

ಎರಡನೆಯದು ಸಡಿಲ. ಲಾರಿಯನ್ನು ನೆಲದ ಮೇಲೆಯೇ ನಿಲ್ಲಿಸಿ ಒಬ್ಬನು ಚುಕ್ಕಾಣಿಯ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ಆಡಿಸುತ್ತಿರಬೇಕು. ಪವರ್ ಸ್ಟಿಯರಿಂಗ್ ಇದ್ದರೆ ಎಂಜಿನು ನಡೆಯುತ್ತಿರಬೇಕು. ಇನ್ನೊಬ್ಬನು ಪೆಟ್ಟಿಗೆಯಿಂದ ಗಾಲಿಯವರೆಗೆ ಒಂದೊಂದು ಕೀಲನ್ನೂ ಕಣ್ಣಿಟ್ಟು ನೋಡಬೇಕು. ಯಾವ ಕೀಲಿನ ಒಂದು ಪಕ್ಕ ಚಲಿಸಿ ಇನ್ನೊಂದು ಪಕ್ಕ ತಡವಾಗಿ ಚಲಿಸುವುದೋ ಅಲ್ಲಿಯೇ ಸಡಿಲವಿದೆ. ಪೆಟ್ಟಿಗೆಯೇ ಚೌಕಟ್ಟಿನ ಮೇಲೆ ಅಲುಗಾಡುತ್ತಿದ್ದರೆ ಅದೂ ಆಗಲೇ ತಿಳಿದುಬಿಡುವುದು.

ಮೂರನೆಯದು ಬಿಗಿ. ಹೊಸ ಕಿಂಗ್‌ಪಿನ್ನುಗಳನ್ನು ಹಾಕಿದಾಗ ಬುಷ್ಷು ಸರಿಯಾಗಿ ಕೊರೆಯದೆ, ಗ್ರೀಸು ಮೇಲಿನವರೆಗೆ ಏರದೆ, ಅಥವಾ ಭಾರ ಹೊರುವ ಬೇರಿಂಗು ತಲೆಕೆಳಗಾಗಿ ಕುಳಿತು ತಿರುಗಣೆ ಬಿಗಿಯಾಗುವುದುಂಟು. ಇದರ ಲಕ್ಷಣ ವಿಶಿಷ್ಟವಾದುದು: ಬಲಕ್ಕೆ ತಿರುಗಿಸಿದರೆ ಲಾರಿ ಬಲಕ್ಕೇ ಹೋಗಬಯಸುವುದು, ಎಡಕ್ಕೆ ತಿರುಗಿಸಿದರೆ ಎಡಕ್ಕೇ. ಇದನ್ನು ಪರೀಕ್ಷಿಸಲು ಅಚ್ಚನ್ನು ಎತ್ತಿ, ಭದ್ರವಾದ ಆಧಾರದ ಮೇಲಿಟ್ಟು, ಡ್ರ್ಯಾಗ್ ಲಿಂಕನ್ನು ಬಿಡಿಸಬೇಕು. ಈಗ ಗಾಲಿಗಳನ್ನು ಕೈಯಿಂದ ತಿರುಗಿಸಿದರೆ ಅವು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಾಗವಾಗಿ ಬರಬೇಕು. ಬಂದರೆ ದೋಷ ಸಲಾಕೆಯ ಮೇಲುಗಡೆ, ಅಂದರೆ ಪೆಟ್ಟಿಗೆಯ ಕಡೆ. ಬಾರದಿದ್ದರೆ ಕೆಳಗಡೆ, ಅಂದರೆ ಕಿಂಗ್‌ಪಿನ್ನಿನ ಕಡೆ. ಒಂದೇ ಕೀಲನ್ನು ಬಿಡಿಸಿ ಸಂಶಯದ ಪ್ರದೇಶವನ್ನು ಅರ್ಧಕ್ಕೆ ಇಳಿಸಿದೆವಲ್ಲವೆ? ಪವರ್ ಸ್ಟಿಯರಿಂಗ್ ಇರುವ ಲಾರಿಗಳಲ್ಲಿ ಯಂತ್ರದ ಬಲವು ಬಿಗಿಯನ್ನು ಚಾಲಕನ ಕೈಗೆ ಗೊತ್ತಾಗದಂತೆ ಮುಚ್ಚಿಬಿಡುವುದರಿಂದ ಅಲ್ಲಿ ಈ ಪರೀಕ್ಷೆ ಮತ್ತಷ್ಟು ಅಗತ್ಯ.

ನಾಲ್ಕನೆಯದು ಅಚ್ಚಿನ ಸ್ಥಾನ. ಪಟ್ಟಿಗಳ ಕಟ್ಟನ್ನು ಹಿಡಿದಿರುವ ನಡುಬೋಲ್ಟಿನ ತಲೆಯು ಅಚ್ಚಿನ ಮೇಲಿನ ಕುಳಿಯಲ್ಲಿ ಸರಿಯಾಗಿ ಕೂರಬೇಕು. ಕೂರದೆ ಯು ಬೋಲ್ಟುಗಳನ್ನು ಬಿಗಿದರೆ ಅಚ್ಚು ಒಂದು ಬದಿಯಲ್ಲಿ ಹಿಂದೆ ಅಥವಾ ಮುಂದೆ ಉಳಿಯುವುದು. ಸಮನೆಲದಲ್ಲಿ ತೂಗುಗುಂಡನ್ನು ಇಳಿಬಿಟ್ಟು, ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿನವರೆಗಿನ ದೂರವನ್ನು ಎರಡು ಬದಿಗಳಲ್ಲಿಯೂ ಅಳೆದು ಹೋಲಿಸಬೇಕು. ಹಿಂದಿನ ಅಚ್ಚು ಓರೆಯಾಗಿದ್ದರೆ ಲಾರಿಯು ಏಡಿಯಂತೆ ಸ್ವಲ್ಪ ಅಡ್ಡಡ್ಡವಾಗಿ ಸಾಗುವುದು. ಅದನ್ನು ಸರಿದೂಗಿಸಲು ಚಾಲಕನು ಚಕ್ರವನ್ನು ಸೊಟ್ಟಗೆ ಹಿಡಿಯಬೇಕಾಗುವುದು.

ಐದನೆಯದು ಕ್ಯಾಸ್ಟರ್ ಕೋನ. ಅಚ್ಚಿನ ಮೇಲೆ ಪಟ್ಟಿ ಕೂರುವ ಚಪ್ಪಟೆ ಭಾಗಕ್ಕೆ ಸಮಾನವಾದ ಜಾಗದಲ್ಲಿ ಕೋನ ತೋರಿಸುವ ರಸಮಟ್ಟವನ್ನಿಟ್ಟು, ಎಡಬಲಗಳೆರಡನ್ನೂ ಅಳೆಯಬೇಕು. ಆರನೆಯದು ಗಾಲಿಗಳ ಮುಂಬದಿಯ ಅಂತರಕ್ಕೂ ಹಿಂಬದಿಯ ಅಂತರಕ್ಕೂ ಇರುವ ವ್ಯತ್ಯಾಸ. ಇದನ್ನು ಸರಿಪಡಿಸುವುದು ಟೈ ರಾಡಿನ ಉದ್ದದಿಂದ. ಒಂದು ಮೀಟರ್ ವ್ಯಾಸದ ಟೈರುಗಳಲ್ಲಿ ಈ ವ್ಯತ್ಯಾಸ 6 ಮಿಲಿಮೀಟರ್ ಆದರೆ ಪ್ರತಿಯೊಂದು ಗಾಲಿಯೂ ಮೀಟರಿಗೆ 3 ಮಿಲಿಮೀಟರಿನಂತೆ ಓರೆಯಾಗಿರುವುದು. ಎಂದರೆ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ 3 ಮೀಟರಿನಷ್ಟು ದೂರ ರಸ್ತೆಯ ಮೇಲೆ ಅಡ್ಡಲಾಗಿ ಉಜ್ಜಿರುವುದು. ಟೈರು ಬೇಗ ಸವೆಯುವುದರಲ್ಲಿ ಆಶ್ಚರ್ಯವೇನು? ಮುಂದಿನ ಅಚ್ಚು ಒಂದೇ ಉಕ್ಕಿನ ತೊಲೆಯಾಗಿರುವ ಲಾರಿಯಲ್ಲಿ ಪಟ್ಟಿ ಬದಲಾಯಿಸಿದ ಮಾತ್ರಕ್ಕೆ ಈ ಅಳತೆ ಬದಲಾಗದು. ಕಿಂಗ್‌ಪಿನ್ನಿಗಾಗಿ ಟೈ ರಾಡನ್ನು ಬಿಚ್ಚಿದ್ದರೆ ಮಾತ್ರ ಸಂಶಯಪಡಬೇಕು.

ಏಳನೆಯದೂ ಕೊನೆಯದೂ ಡ್ರ್ಯಾಗ್ ಲಿಂಕ್. ಇದು ಏಕೆ ಕೊನೆಯದೆಂಬುದನ್ನು ಈಗ ನೋಡೋಣ.

ನಮ್ಮ ಲಾರಿಗೆ ಆದುದೇನು?

ನಾವು ಕಲ್ಪಿಸಿಕೊಂಡ ಲಾರಿಯಲ್ಲಿ ಟೈರುಗಳು ಸರಿಯಾಗಿದ್ದುವು, ಕೀಲುಗಳಲ್ಲಿ ಸಡಿಲವಿರಲಿಲ್ಲ, ಲಿಂಕನ್ನು ಬಿಡಿಸಿದಾಗ ಗಾಲಿಗಳು ಸರಾಗವಾಗಿ ತಿರುಗಿದುವು, ಎರಡು ಬದಿಯ ಅಳತೆಯೂ ಸಮನಾಗಿತ್ತು. ರಸಮಟ್ಟವನ್ನಿಟ್ಟಾಗ ಮಾತ್ರ ಗುಟ್ಟು ರಟ್ಟಾಯಿತು. ಖಾಲಿ ಲಾರಿಯಲ್ಲಿ 3 ಡಿಗ್ರಿ ಹಿಂದೋರೆ ಇರಬೇಕಾದಲ್ಲಿ ಅರ್ಧ ಡಿಗ್ರಿ ಮುಂದೋರೆ ಇತ್ತು!

ಪಟ್ಟಿಗಳ ಕಟ್ಟಿಗೂ ಅಚ್ಚಿಗೂ ನಡುವೆ 1.5 ಡಿಗ್ರಿಯ ಉಕ್ಕಿನ ಬೆಣೆಯೊಂದನ್ನು ಎರಡು ಬದಿಗಳಲ್ಲಿಯೂ ಇಟ್ಟಿರುವುದುಂಟು. ಪಟ್ಟಿಯು ಅಚ್ಚಿನ ಮೇಲೆ ಕುಳಿತಿರುವ ಲಾರಿಯಲ್ಲಿ ಹಿಂದೋರೆ ಹೆಚ್ಚಬೇಕಾದರೆ ಬೆಣೆಯ ದಪ್ಪ ಅಂಚು ಹಿಂದುಗಡೆ ಇರತಕ್ಕದ್ದು. ಅವಸರದಲ್ಲಿ ಎರಡನ್ನೂ ತಿರುಗುಮುರುಗಾಗಿ ಇಟ್ಟಿದ್ದರು. ಬೆಣೆ ತಿರುಗುಮುರುಗಾದರೆ ತಪ್ಪು 1.5 ಡಿಗ್ರಿಯಲ್ಲ, ಬರಬೇಕಾದ 1.5 ಹೋಗಿ, ಬರಬಾರದ 1.5 ಬಂದು, ಒಟ್ಟು 3 ಡಿಗ್ರಿ. ಕೋನ ಶೂನ್ಯಕ್ಕೆ ಇಳಿಯಿತು. ಹಿಂಭಾಗದ ಹೆಚ್ಚಿನ ಪಟ್ಟಿಯಿಂದ ಚೌಕಟ್ಟು 36 ಮಿಲಿಮೀಟರ್ ಏರಿ ಉಳಿದ ಅರ್ಧ ಡಿಗ್ರಿಯನ್ನೂ ಕಳೆಯಿತು. ಹೇರು ಬಿದ್ದಾಗ ಹಿಂಭಾಗ ತಗ್ಗಿ ಒಂದಿಷ್ಟು ಹಿಂದೋರೆ ಮರಳುತ್ತಿದ್ದುದರಿಂದ ಲಾರಿ ‘ಸ್ವಲ್ಪ ವಾಸಿ’ಯಾಗುತ್ತಿತ್ತು. ಚಾಲಕನ ಮಾತಿಗೂ ಅಳತೆಗೂ ತಾಳೆಯಾಯಿತು.

ಇನ್ನು ಸೊಟ್ಟಗೆ ನಿಂತ ಚುಕ್ಕಾಣಿ. ಅಚ್ಚು ಮುಂದಕ್ಕೆ ವಾಲಿದಾಗ ಅದರ ಮೇಲಿರುವ ತೋಳಿನ ಗುಂಡುಕೀಲೂ ಕೆಲವು ಮಿಲಿಮೀಟರ್ ಮುಂದಕ್ಕೆ ಬಂದಿತು. ಡ್ರ್ಯಾಗ್ ಲಿಂಕಿನ ಉದ್ದ ಮೊದಲಿನಷ್ಟೇ ಇದ್ದುದರಿಂದ ಗಾಲಿಗಳು ನೇರವಾದಾಗ ಚುಕ್ಕಾಣಿ ಓರೆಯಾಯಿತು. ಒಂದು ವೇಳೆ ಮೇಸ್ತ್ರಿಯು ಮೊದಲೇ ಲಿಂಕಿನ ಉದ್ದವನ್ನು ಬದಲಾಯಿಸಿ ಚುಕ್ಕಾಣಿಯನ್ನು ನೇರ ಮಾಡಿದ್ದರೆ, ಬೆಣೆಯನ್ನು ಸರಿಪಡಿಸಿದೊಡನೆ ಅದು ಇನ್ನೊಂದು ಪಕ್ಕಕ್ಕೆ ಸೊಟ್ಟಗಾಗುತ್ತಿತ್ತು. ಆದುದರಿಂದಲೇ ಮೊದಲು ಅಚ್ಚಿನ ಸ್ಥಾನ, ಆಮೇಲೆ ಅದರ ಓರೆ, ಆಮೇಲೆ ಗಾಲಿಗಳ ಅಂತರ, ಎಲ್ಲಕ್ಕೂ ಕೊನೆಗೆ ಡ್ರ್ಯಾಗ್ ಲಿಂಕ್ ಎಂಬ ಕ್ರಮ. ಇನ್ನು ಕೆಲವರು ಚುಕ್ಕಾಣಿಯ ಚಕ್ರವನ್ನೇ ಕಿತ್ತು ನೇರವಾಗಿ ಕೂರಿಸಿಬಿಡುವರು. ಅದು ಕಣ್ಣಿಗೆ ಮಾತ್ರ ನೇರ. ಪೆಟ್ಟಿಗೆಯೊಳಗಿನ ಹಲ್ಲುಗಳ ನಡುವಣ ಸಂದು ಅತ್ಯಂತ ಕಿರಿದಾಗಿರುವುದು ನಟ್ಟನಡುವಿನ ಸ್ಥಾನದಲ್ಲಿ. ನೇರ ಓಟದಲ್ಲಿ ಪೆಟ್ಟಿಗೆ ನಡುವಿನಲ್ಲಿ ಇಲ್ಲದಿದ್ದರೆ ಯಾವ ಭಾಗವೂ ಸವೆಯದೆಯೇ ಚುಕ್ಕಾಣಿಯಲ್ಲಿ ಸಡಿಲ ಕಾಣಿಸಿಕೊಳ್ಳುವುದು; ಪಾಪ, ಪೆಟ್ಟಿಗೆಯ ಮೇಲೆ ಮತ್ತೆ ಅಪವಾದ!

ಬೆಣೆಗಳನ್ನು ಸರಿಯಾಗಿ ಇಟ್ಟು, ಹಿಂಭಾಗದ ಹೆಚ್ಚಿನ ಪಟ್ಟಿಯನ್ನು ತೆಗೆದು, ಲಿಂಕನ್ನು ಹೊಂದಿಸಿದ ಮೇಲೆ ಲಾರಿ ಸರಿಯಾಯಿತು. ಹೊಸ ಭಾಗವೊಂದನ್ನೂ ಕೊಳ್ಳಬೇಕಾಗಲಿಲ್ಲ.

ಎಚ್ಚರದ ಮಾತು

ಇದನ್ನು ಓದಿದ ವಿದ್ಯಾರ್ಥಿಗಳು ಕಾರ್ಖಾನೆಗೆ ಹೋಗಿ ನೋಡಬೇಕೆಂದು ಬಯಸುವುದು ಸಹಜ, ನೋಡಬೇಕಾದುದೂ ಹೌದು. ಆದರೆ ಜಾಕಿಯೊಂದರ ಮೇಲೆಯೇ ನಿಂತ ವಾಹನದ ಕೆಳಗೆ ಎಂದಿಗೂ ನುಸುಳಕೂಡದು. ಗಾಲಿಗಳಿಗೆ ಅಡ್ಡಗಟ್ಟೆ ಇಟ್ಟು, ಅಚ್ಚಿನ ಕೆಳಗೆ ಭದ್ರವಾದ ಆಧಾರಗಳನ್ನು ನಿಲ್ಲಿಸಿರಬೇಕು. ಬಾಗಿದ ಸ್ಟಿಯರಿಂಗ್ ತೋಳುಗಳನ್ನು ಕಾಯಿಸಿ ನೆಟ್ಟಗೆ ಮಾಡುವುದಾಗಲಿ ಬೆಸುಗೆ ಹಾಕುವುದಾಗಲಿ ಸಲ್ಲದು. ಕಾಯಿಸಿದ ಉಕ್ಕು ತನ್ನ ಬಲವನ್ನು ಕಳೆದುಕೊಂಡಿದ್ದರೂ ನೋಡುವುದಕ್ಕೆ ಮೊದಲಿನಂತೆಯೇ ಇರುವುದು. ಬಿಚ್ಚಿದ ಪ್ರತಿಯೊಂದು ಗುಂಡುಕೀಲಿಗೂ ಹೊಸ ಸೀಳುಪಿನ್ನನ್ನೇ ಹಾಕಬೇಕು. ಹೊಸ ಪಟ್ಟಿಗಳು ಒಂದರ ಮೇಲೊಂದು ಹೊಂದಿಕೊಂಡು ಕುಳಿತಂತೆ ಯು ಬೋಲ್ಟುಗಳು ಸಡಿಲವಾಗುವುದರಿಂದ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅವನ್ನು ಮತ್ತೊಮ್ಮೆ ಬಿಗಿಯುವುದು ಅವಶ್ಯ. ಯಾವ ಲಾರಿಗೆ ಯಾವ ಅಳತೆ ಎಂಬುದನ್ನು ಅದರ ತಯಾರಕರ ಕೈಪಿಡಿಯಿಂದಲೇ ತಿಳಿಯತಕ್ಕದ್ದು; ಇಲ್ಲಿ ಕೊಟ್ಟಿರುವ ಅಂಕಿಗಳು ತತ್ತ್ವವನ್ನು ತಿಳಿಸಲು ಆರಿಸಿಕೊಂಡ ಉದಾಹರಣೆಗಳು.

ಯಂತ್ರದಲ್ಲಿ ದೋಷ ಕಾಣಿಸಿಕೊಳ್ಳುವ ಸ್ಥಳವೂ ದೋಷ ಹುಟ್ಟುವ ಸ್ಥಳವೂ ಒಂದೇ ಆಗಿರಬೇಕಾಗಿಲ್ಲ. ಚಾಲಕನಿಗೆ ತೊಂದರೆ ಕಂಡುದು ಕೈಯಲ್ಲಿ. ಅದು ಹುಟ್ಟಿದುದು ಅಚ್ಚಿನ ಮೇಲಿನ ಒಂದು ಬೆಣೆಯಲ್ಲಿ, ಮತ್ತು ನಾಲ್ಕು ಮೀಟರ್ ಹಿಂದಿದ್ದ ಒಂದು ಪಟ್ಟಿಯಲ್ಲಿ. ಅವೆರಡರ ನಡುವಣ ಹಾದಿಯನ್ನು ತೋರಿಸಿದುದು ಒಂದು ರಸಮಟ್ಟ, ಒಂದು ತೂಗುಗುಂಡು ಮತ್ತು ಶಾಲೆಯಲ್ಲಿ ಕಲಿತ ತ್ರಿಕೋನದ ಲೆಕ್ಕ. ಮುಂದಿನ ಸಲ ಹೆದ್ದಾರಿಯ ಪಕ್ಕದ ಕಾರ್ಖಾನೆಯಲ್ಲಿ ಲಾರಿಯ ಕೆಳಗೆ ಮೇಸ್ತ್ರಿಯೊಬ್ಬನು ರಸಮಟ್ಟ ಹಿಡಿದು ಕುಳಿತಿರುವುದನ್ನು ಕಂಡರೆ, ಸ್ವಲ್ಪ ಹೊತ್ತು ನಿಂತು ನೋಡಿರಿ. ಆ ಲಾರಿ ನಾಳೆ ಘಟ್ಟವನ್ನು ಇಳಿಯುವುದು ಅವನ ಅಳತೆಯನ್ನು ನಂಬಿಕೊಂಡೇ.